ಕೂಸು ತಾನೇ ಹೊಲಿದುಕೊಳ್ಳುವ ಕೌದಿ

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿ ಬಾಗಲವಾಡವೆಂಬ ಊರೊಂದುಂಟು. ಆ ಸುತ್ತಿನ ಹಳ್ಳಿಗಳಲ್ಲಿಯೂ ದೇವದುರ್ಗದ ಕಡೆಯಲ್ಲಿಯೂ ಮನೆಯ ಹಿರಿಯ ಹೆಂಗಸರು ಬಿಡುವಿನ ವೇಳೆಯಲ್ಲಿ ಕೌದಿ ಹೊಲಿಯುವುದು ಬಹು ಹಳೆಯ ವಾಡಿಕೆ. ಹರಿದ ಇಳಕಲ್ ಸೀರೆಯ ತುಂಡು, ಮಾಸಿದ ಧೋತರದ ತುಂಡು, ಮಕ್ಕಳಿಗೆ ಗಿಡ್ಡವಾದ ಅಂಗಿಯ ತುಂಡು, ಇವೆಲ್ಲ ಒಂದು ಗಂಟಿನಲ್ಲಿ ಕೂಡಿಬಿದ್ದಿರುತ್ತವೆ. ಬಾಣಂತಿಯ ಮನೆಗೆ ಕೌದಿ ಬೇಕಾದಾಗ ಆ ಗಂಟು ಬಿಚ್ಚುತ್ತಾರೆ. ಕೈಗೆ ಸಿಕ್ಕ ತುಂಡಿಗೆ ಕೈಗೆ ಸಿಕ್ಕ ಇನ್ನೊಂದು ತುಂಡನ್ನು ಕೂಡಿಸಿ ದಪ್ಪ ನೂಲಿನಲ್ಲಿ ಹೊಲಿಗೆ ಹಾಕುತ್ತಾರೆ. ಗಂಟು ಒಂದೇ ಆದರೂ ಅದರಿಂದ ಹೊರಟ ಎರಡು ಕೌದಿಗಳು ಒಂದೇ ತೆರನಾಗಿದ್ದುದನ್ನು ಕಂಡವರು ವಿರಳ.

ಈ ಕೌದಿಯ ಹಂಚಿಕೆಯನ್ನು ಮನುಷ್ಯನ ದೇಹವು ಹೆಂಗಸರಿಗಿಂತ ಕೋಟ್ಯಂತರ ವರ್ಷ ಮೊದಲೇ ಕಲಿತಿತ್ತೆಂದರೆ ವಾಚಕರಿಗೆ ಸೋಜಿಗವಾಗಬಹುದು. ಹುಟ್ಟುವ ಪ್ರತಿಯೊಂದು ಕೂಸೂ ತನ್ನ ಮೈಯನ್ನು ರೋಗದಿಂದ ಕಾಯುವ ಹೊದಿಕೆಯೊಂದನ್ನು, ತಂದೆತಾಯಿಗಳಿಂದ ಬಂದ ಒಂದು ಸಣ್ಣ ಗಂಟಿನ ತುಂಡುಗಳನ್ನು ಕೂಡಿಸಿ, ಗರ್ಭದಲ್ಲಿರುವಾಗಲೇ ಹೊಲಿಯತೊಡಗುತ್ತದೆ. ಅದನ್ನು ಹೊಲಿಯಲಾರದ ಕೂಸುಗಳೂ ಕೆಲವು ಹುಟ್ಟುತ್ತವೆ. ಅವುಗಳ ಗತಿಯೇನೆಂಬುದೇ ಈ ವಾರದ ವಿಷಯ.

ಮೊದಲು ಒಂದು ಒಗಟು. ನಮ್ಮ ಸುತ್ತಲಿನ ರೋಗಾಣುಗಳಿಗೆ ಲೆಕ್ಕವಿಲ್ಲ. ಇರುವುವು ಸಾಲದೆಂಬಂತೆ ಹೊಸವೂ ಬರುತ್ತಲೇ ಇರುತ್ತವೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಬಳಿಕ ಮನುಷ್ಯರಿಗೂ ಜ್ವರ ತಗುಲಿದಾಗ, ಆ ವೈರಸ್ಸನ್ನು ಜಗತ್ತಿನ ಯಾವ ವೈದ್ಯನೂ ಅದಕ್ಕೆ ಮೊದಲು ಗುರುತಿಸಿರಲಿಲ್ಲ. ಆದರೂ ಜ್ವರ ಬಂದವರಲ್ಲಿ ಬಹುಮಂದಿ ಬದುಕಿಕೊಂಡರು. ವೈದ್ಯನರಿಯದ ವೈರಿಯನ್ನು ಅವರ ದೇಹವು ಗುರುತಿಸಿತ್ತು. ೨೦೨೦ರ ಕೊರೋನಾ ಕಾಲದಲ್ಲಿಯೂ ಇದೇ ನಡೆಯಿತು. ಹಿಂದೆಂದೂ ಕಾಣದ ಶತ್ರುವಿನ ಗುರುತು ದೇಹಕ್ಕೆ ಮೊದಲೇ ತಿಳಿದಿರುವುದು ಹೇಗೆ?

ಗುರುತಿಸುವ ಈ ಕೆಲಸದಲ್ಲಿ ದೊಡ್ಡ ಪಾಲು ಟಿ ಜೀವಕೋಶಗಳದು. ಇವು ಬಿಳಿಯ ರಕ್ತಕಣಗಳ ಪೈಕಿ ಲಿಂಫೋಸೈಟ್ ಎಂಬ ಜಾತಿಗೆ ಸೇರಿದವು. ಒಬ್ಬ ವಯಸ್ಕನ ಮೈಯಲ್ಲಿ ಸುಮಾರು ೪೦,೦೦೦ ಕೋಟಿ ಟಿ ಜೀವಕೋಶಗಳಿವೆಯೆಂದು ಅಂದಾಜು. ಪ್ರತಿಯೊಂದರ ಮೈಮೇಲೂ ಸಾವಿರಾರು ಗ್ರಾಹಕಗಳು, ಅಂದರೆ ಹಿಡಿದು ನೋಡುವ ಸಣ್ಣ ಕೈಗಳು, ಚಾಚಿಕೊಂಡಿರುತ್ತವೆ. ಒಂದು ಕೋಶದ ಕೈಗಳೆಲ್ಲ ಒಂದೇ ಅಚ್ಚಿನವು; ಪಕ್ಕದ ಕೋಶದ್ದು ಬೇರೆ ಅಚ್ಚು. ಯಾವ ಕೋಶದ ಕೈಗೆ ಬಂದ ರೋಗಾಣುವಿನ ಚೂರು ಸರಿಯಾಗಿ ಕೂಡುವುದೋ ಆ ಕೋಶವು ಎಚ್ಚತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು ಒಂದು ದಂಡೇ ಆಗುತ್ತದೆ. ಕೈ ಕೂಡದ ಕೋಶಗಳು ಸುಮ್ಮನೆ ತಿರುಗುತ್ತಿರುತ್ತವೆ. ಮುಂದೆಂದೋ ಬರಬಹುದಾದ ಅತಿಥಿಗಾಗಿ ಅವು ಕಾದಿರುವುದೆನ್ನಬಹುದು.

ಹಾಗಾದರೆ ಕೋಟ್ಯಂತರ ಅಚ್ಚುಗಳು ಬೇಕಾದುವು. ಮೈಯಲ್ಲಿನ ಪ್ರತಿಯೊಂದು ಪ್ರೋಟೀನಿಗೂ ಅದರ ಬರಹವನ್ನು ಹೊತ್ತ ವಂಶವಾಹಿ ಇರಬೇಕೆಂಬುದು ಜೀವಶಾಸ್ತ್ರದ ಮೊದಲ ಪಾಠ. ಮನುಷ್ಯನಲ್ಲಿ ಪ್ರೋಟೀನುಗಳ ವಂಶವಾಹಿಗಳು ಒಟ್ಟು ಸುಮಾರು ೨೦,೦೦೦ ಮಾತ್ರ. ಇಪ್ಪತ್ತು ಸಾವಿರ ರೂಪಾಯಿಯ ಗಂಟಿನಿಂದ ಕೋಟಿಗಟ್ಟಲೆ ಸಾಲ ತೀರಿಸಿದಂತಾಯಿತು. ಈ ಲೆಕ್ಕ ಬಹುಕಾಲ ವಿಜ್ಞಾನಿಗಳ ನಿದ್ದೆಗೆಡಿಸಿತ್ತು.

ಗಂಟಿನ ಗುಟ್ಟು ಮೊದಲು ಬಯಲಾದುದು ಟಿ ಜೀವಕೋಶಗಳಲ್ಲಲ್ಲ, ಅವುಗಳ ದಾಯಾದಿಗಳಾದ ಬಿ ಜೀವಕೋಶಗಳಲ್ಲಿ. ಜಪಾನಿನ ಸುಸುಮು ತೊನೆಗಾವಾ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೆಲಸ ಮಾಡುತ್ತಿದ್ದಾಗ, ೧೯೭೬ರಲ್ಲಿ, ಒಂದು ಅಪೂರ್ವ ಸಂಗತಿಯನ್ನು ತೋರಿಸಿಕೊಟ್ಟರು. ಪ್ರತಿವಿಷಗಳನ್ನು ತಯಾರಿಸುವ ಕೋಶಗಳು ಬೆಳೆಯುತ್ತ ತಮ್ಮ ಡಿ.ಎನ್.ಎ.ಯನ್ನೇ ಕತ್ತರಿಸಿ ಬೇರೆ ರೀತಿಯಲ್ಲಿ ಜೋಡಿಸಿಕೊಳ್ಳುತ್ತವೆ! ಹುಟ್ಟಿನಿಂದ ಸಾವಿನ ತನಕ ಬದಲಾಗದ ಶಾಸನವೆಂದು ತಿಳಿದಿದ್ದ ಡಿ.ಎನ್.ಎ. ಹೀಗೆ ಹರುಕು ಬಟ್ಟೆಯಂತೆ ಕತ್ತರಿಗೆ ಸಿಕ್ಕುತ್ತದೆಂಬುದನ್ನು ನಂಬುವುದು ಆಗ ಸುಲಭವಾಗಿರಲಿಲ್ಲ. ೧೯೮೭ರ ನೊಬೆಲ್ ಪಾರಿತೋಷಕ ಅವರೊಬ್ಬರಿಗೇ ಸಂದಿತು. ಟಿ ಜೀವಕೋಶದ ಗ್ರಾಹಕ ಮಾತ್ರ ಬಹಳ ದಿನ ಕೈಗೆ ಸಿಗಲಿಲ್ಲ. ಕೊನೆಗೆ ೧೯೮೪ರ ಮಾರ್ಚಿಯಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಅದರ ವಂಶವಾಹಿಯನ್ನು ಪ್ರಕಟಿಸಿದುವು: ಟೊರಾಂಟೋದ ತಾಕ್ ಮಾಕ್ ತಂಡ ಮನುಷ್ಯನದನ್ನು, ಅಮೆರಿಕದ ಮಾರ್ಕ್ ಡೇವಿಸ್ ತಂಡ ಇಲಿಯದನ್ನು. ಅಲ್ಲಿಯೂ ಕಂಡುದು ಅದೇ ಕತ್ತರಿ, ಅದೇ ಹೊಲಿಗೆ.

ಗಂಟಿನಲ್ಲಿರುವುದೆಷ್ಟು? ಸಾಮಾನ್ಯವಾದ ಟಿ ಗ್ರಾಹಕಕ್ಕೆ ಆಲ್ಫಾ, ಬೀಟಾ ಎಂಬ ಎರಡು ಸರಪಳಿಗಳು. ಆಲ್ಫಾದ ತುಂಡುಗಳು ೧೪ನೆಯ ವರ್ಣತಂತುವಿನಲ್ಲಿವೆ, ಬೀಟಾದವು ೭ನೆಯದರಲ್ಲಿ. ಆಲ್ಫಾಕ್ಕೆ ಕೆಲಸಕ್ಕೆ ಬರುವ 'ವಿ' ತುಂಡುಗಳು ೪೫ರಷ್ಟು, 'ಜೆ' ತುಂಡುಗಳು ೫೦ರಷ್ಟು. ಬೀಟಾಕ್ಕೆ 'ವಿ' ೪೫ರಷ್ಟು, ನಡುವೆ ಹಾಕುವ 'ಡಿ' ಎರಡು, 'ಜೆ' ಹದಿಮೂರು. ಎಲ್ಲ ಕೂಡಿದರೂ ಇನ್ನೂರು ತುಂಡಿಲ್ಲದ ಗಂಟು! ಆದರೆ ಪ್ರತಿಯೊಂದು ಕೋಶವೂ ಒಂದೊಂದು ಗುಂಪಿನಿಂದ ಒಂದೊಂದನ್ನೇ ಆರಿಸಿಕೊಳ್ಳುವುದರಿಂದ, ಆಲ್ಫಾಕ್ಕೆ ಎರಡು ಸಾವಿರಕ್ಕೆ ಮೀರಿದ ಬಗೆ, ಬೀಟಾಕ್ಕೆ ಸಾವಿರಕ್ಕೆ ಮೀರಿದ ಬಗೆ. ಎರಡನ್ನೂ ಗುಣಿಸಿದರೆ ಇಪ್ಪತ್ತೈದು ಲಕ್ಷಕ್ಕೂ ಮೇಲೆ.

ಅದೂ ಸಾಲದು. ನಿಜವಾದ ಚಮತ್ಕಾರ ನಡೆಯುವುದು ತುಂಡು ತುಂಡಿಗೆ ಕೂಡುವ ಅಂಚಿನಲ್ಲಿ. ಹೊಲಿಯುವ ಮುನ್ನ ಅಂಚಿನಿಂದ ಕೆಲವು ಅಕ್ಷರಗಳು ಉದುರುತ್ತವೆ; ಒಂದು ಕಿಣ್ವ ಬಂದು, ಯಾವ ಪ್ರತಿಯನ್ನೂ ನೋಡದೆ, ತನಗೆ ತೋಚಿದ ಕೆಲವು ಅಕ್ಷರಗಳನ್ನು ಅಲ್ಲಿ ಸೇರಿಸುತ್ತದೆ. ಈ ಅಕ್ಷರಗಳು ತಂದೆಯಲ್ಲಿಲ್ಲ, ತಾಯಿಯಲ್ಲಿಲ್ಲ, ಹಿಂದಿನ ಯಾವ ತಲೆಮಾರಿನಲ್ಲಿಯೂ ಇರಲಿಲ್ಲ. ಗ್ರಾಹಕದ ಕೈಯಲ್ಲಿ ರೋಗಾಣುವಿನ ಚೂರನ್ನು ಮುಟ್ಟುವ ಬೆರಳ ತುದಿಯೆನ್ನಬಹುದಾದ ಭಾಗವು ರೂಪುಗೊಳ್ಳುವುದು ಸರಿಯಾಗಿ ಈ ಹೊಲಿಗೆಯಲ್ಲಿ. ಇದನ್ನೂ ಲೆಕ್ಕಕ್ಕೆ ಹಿಡಿದರೆ ಸಾಧ್ಯವಾದ ಗ್ರಾಹಕಗಳ ಸಂಖ್ಯೆ ಒಂದರ ಮುಂದೆ ಹದಿನೈದು ಸೊನ್ನೆಯನ್ನೂ ದಾಟುತ್ತದೆ. ಒಬ್ಬನ ಮೈಯಲ್ಲಿ ಅಷ್ಟಕ್ಕೂ ಜಾಗವಿಲ್ಲ. ೧೯೯೯ರಲ್ಲಿ ಎಣಿಸಿದವರು ಒಬ್ಬ ಮನುಷ್ಯನ ರಕ್ತದಲ್ಲಿ ಕನಿಷ್ಠ ೧೦ ಲಕ್ಷ ಬಗೆಯ ಬೀಟಾ ಸರಪಳಿಗಳುಂಟೆಂದರು. ೨೦೧೪ರ ಹೊತ್ತಿಗೆ, ಉತ್ತಮ ಉಪಕರಣಗಳು ಬಂದ ಮೇಲೆ, ಆ ಅಂದಾಜು ೧೦ ಕೋಟಿಗೆ ಏರಿತು.

ಅವಳಿಜವಳಿಗಳ ವಿಚಾರ ಇಲ್ಲಿ ನೆನೆಯತಕ್ಕದ್ದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಒಂದೇ. ಯಾವ 'ವಿ' ತುಂಡನ್ನು ಹೆಚ್ಚಾಗಿ ಬಳಸುವರೆಂಬ ಒಲವಿನಲ್ಲಿಯೂ ಅವರು ಹೋಲುತ್ತಾರೆ. ಆದರೆ ಹೊಲಿದು ಮುಗಿದ ಗ್ರಾಹಕಗಳನ್ನು ಸಾಲಾಗಿಟ್ಟು ನೋಡಿದರೆ ಹೆಚ್ಚಿನವು ಬೇರೆ ಬೇರೆ. ತಾಯಿಗೂ ಗುರುತು ಸಿಗದಷ್ಟು ಹೋಲುವ ಇಬ್ಬರು ಮಕ್ಕಳು ರೋಗದ ಮುಂದೆ ಬೇರೆ ಬೇರೆ ಕೌದಿ ಹೊದ್ದು ನಿಲ್ಲುತ್ತಾರೆ. ಗಂಟು ಮಾತ್ರ ಬಳುವಳಿ, ಕೌದಿ ಸ್ವಯಾರ್ಜಿತ ಎಂದರೆ ವಕೀಲರ ಮನೆಯ ಓದುಗರಿಗೆ ಬೇಗ ಅರ್ಥವಾದೀತು.

ಗಂಟಿನ ತುಂಡುಗಳಲ್ಲಿಯೂ ಮನೆಯಿಂದ ಮನೆಗೆ, ಜನದಿಂದ ಜನಕ್ಕೆ ಸಣ್ಣಪುಟ್ಟ ವ್ಯತ್ಯಾಸಗಳುಂಟು. ಒಬ್ಬರಲ್ಲಿ ಕೆಲಸಕ್ಕೆ ಬರುವ 'ವಿ' ತುಂಡು ಇನ್ನೊಬ್ಬರಲ್ಲಿ ಕೆಟ್ಟಿರಬಹುದು, ಇಲ್ಲವೆ ಒಂದೆರಡು ಅಕ್ಷರ ಬದಲಾಗಿರಬಹುದು. ಬೀಟಾದ ಗಂಟನ್ನು ಅಕ್ಷರಶಃ ಓದಿ ಮುಗಿಸಿದುದು ೧೯೯೬ರಲ್ಲಿ. ಬಳಿಕ ನಾನಾ ದೇಶಗಳ ೨,೫೦೪ ಜನರ ಡಿ.ಎನ್.ಎ.ಯನ್ನು ಓದಿದ ಮಹಾಕಾರ್ಯವೊಂದು ೨೦೧೫ರಲ್ಲಿ ಪೂರ್ಣಗೊಂಡಿತು. ಅದರಲ್ಲಿ ದಕ್ಷಿಣ ಏಷ್ಯದ ಗುಂಪುಗಳು ಐದು: ಪಂಜಾಬಿಗಳು, ಬಂಗಾಳಿಗಳು, ಗುಜರಾತಿಗಳು, ಬ್ರಿಟನ್ನಿನಲ್ಲಿ ನೆಲೆಸಿದ ತೆಲುಗರು ಮತ್ತು ಸಿಂಹಳದ ತಮಿಳರು. ಕನ್ನಡಿಗರ ಗುಂಪು ಅದರಲ್ಲಿಲ್ಲ. ಈ ಕೊರತೆಯನ್ನು ತುಂಬುವಂತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ ೨೦೨೦ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯು ದೇಶದ ಅನೇಕ ಸಮುದಾಯಗಳ ೧೦,೦೦೦ ಜನರ ಓದನ್ನು ೨೦೨೪ರಲ್ಲಿ ಮುಗಿಸಿತು. ನಮ್ಮ ನಾಡಿನ ಗಂಟಿನಲ್ಲಿ ಯಾವ ಬಣ್ಣದ ತುಂಡುಗಳಿವೆಯೆಂಬುದನ್ನು ಇನ್ನು ಮುಂದೆ ನಮ್ಮಲ್ಲಿಯೇ ನೋಡಬಹುದು.

ಹೊಲಿದ ಕೌದಿಯೆಲ್ಲ ಹೊದೆಯಲು ಯೋಗ್ಯವಲ್ಲ. ಕಣ್ಣು ಮುಚ್ಚಿ ಹೊಲಿದುದಾದ್ದರಿಂದ ಕೆಲವು ಯಾವುದಕ್ಕೂ ಬಾರವು. ಕೆಲವು ಸ್ವಂತ ಮೈಯನ್ನೇ ಶತ್ರುವೆಂದು ಹಿಡಿದಾವು. ಆದುದರಿಂದ ಎದೆಯೆಲುಬಿನ ಹಿಂದೆ, ಹೃದಯದ ಮೇಲ್ಗಡೆ, ಥೈಮಸ್ ಎಂಬ ಗ್ರಂಥಿಯಲ್ಲಿ ಒಂದು ಕಠಿಣವಾದ ಪರೀಕ್ಷೆ ನಡೆಯುತ್ತದೆ. ೧೯೬೧ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಇಲಿಮರಿಗಳಿಂದ ಈ ಗ್ರಂಥಿಯನ್ನು ತೆಗೆದು ನೋಡುವ ತನಕ ಇದೊಂದು ನಿಷ್ಪ್ರಯೋಜಕ ಮಾಂಸದ ಮುದ್ದೆಯೆಂದೇ ವೈದ್ಯರು ಬಗೆದಿದ್ದರು. ಟಿ ಎಂಬ ಅಕ್ಷರ ಈ ಥೈಮಸ್ಸಿನದೇ. ರೋಗಾಣುವಿನ ಚೂರನ್ನು ನಮ್ಮ ಕೋಶಗಳು ತಮ್ಮದೇ ಆದ ಒಂದು ತಟ್ಟೆಯಲ್ಲಿಟ್ಟು ತೋರಿಸುತ್ತವೆ; ಆ ತಟ್ಟೆಯನ್ನು ಗುರುತಿಸಲಾರದ ಟಿ ಕೋಶವು ಮೊದಲ ಸುತ್ತಿನಲ್ಲಿ ನಪಾಸು. ತಟ್ಟೆಯ ಈ ಮಹತ್ವವನ್ನು ಕಂಡುಕೊಂಡ ಡೊಹರ್ಟಿ ಮತ್ತು ತ್ಸಿಂಕರ್‌ನಾಗೆಲ್ ಅವರಿಗೆ ೧೯೯೬ರಲ್ಲಿ ನೊಬೆಲ್ ದೊರಕಿತು. ತಟ್ಟೆಯನ್ನೂ ಮೈಯನ್ನೂ ಅತಿಯಾಗಿ ಬಿಗಿಹಿಡಿಯುವ ಕೋಶವು ಎರಡನೆಯ ಸುತ್ತಿನಲ್ಲಿ ನಪಾಸು. ನಪಾಸಾದವು ಅಲ್ಲಿಯೇ ಸಾಯುತ್ತವೆ. ನೂರಕ್ಕೆ ಐದು ಸಹ ಹೊರಗೆ ಬರುವುದಿಲ್ಲ. ನಮ್ಮ ಯಾವ ವಿಶ್ವವಿದ್ಯಾನಿಲಯವೂ ಇಷ್ಟು ಕಠಿಣವಲ್ಲ.

ಇನ್ನು ಕತ್ತರಿಯ ಮಾತು. ಡಿ.ಎನ್.ಎ.ಯನ್ನು ನಿಗದಿತ ಗುರುತಿನಲ್ಲಿ ಕತ್ತರಿಸುವುದು 'ರ‍್ಯಾಗ್' ಎಂಬ ಹೆಸರಿನ ಜೋಡಿ ಪ್ರೋಟೀನುಗಳು. ಕತ್ತರಿಗೆ ಎರಡು ಅಲಗುಗಳಿರುವಂತೆ ಇದಕ್ಕೂ ಎರಡು: ರ‍್ಯಾಗ್-೧, ರ‍್ಯಾಗ್-೨. ಅಮೆರಿಕದಲ್ಲಿ ಡೇವಿಡ್ ಬಾಲ್ಟಿಮೋರರ ಪ್ರಯೋಗಶಾಲೆಯಲ್ಲಿದ್ದ ಡೇವಿಡ್ ಶಾಟ್ಸ್, ಮಾರ್ಜರಿ ಓಟಿಂಗರ್ ಇಬ್ಬರೂ ಮೊದಲನೆಯದನ್ನು ೧೯೮೯ರಲ್ಲಿ, ಎರಡನೆಯದನ್ನು ೧೯೯೦ರಲ್ಲಿ ಹೊರಗೆಡಹಿದರು. ಇವೆರಡರ ವಂಶವಾಹಿಗಳೂ ೧೧ನೆಯ ವರ್ಣತಂತುವಿನಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ಟಿ, ಬಿ ಎರಡು ಬಗೆಯ ಕೋಶಗಳಿಗೂ ಇದೊಂದೇ ಕತ್ತರಿ. ಕತ್ತರಿ ಹರಿತವಾದುದಾದ್ದರಿಂದ ಅಪಾಯವೂ ಉಂಟು: ಗುರುತಿಲ್ಲದ ಕಡೆ ಅದು ಕಚ್ಚಿದರೆ ವರ್ಣತಂತುಗಳು ತಪ್ಪಾಗಿ ಬೆಸೆದು ಕ್ಯಾನ್ಸರಿಗೆ ದಾರಿಯಾಗಬಹುದು. ದುಗ್ಧಗ್ರಂಥಿಗಳ ಒಂದು ಕ್ಯಾನ್ಸರಿನಲ್ಲಿ ತುಂಡಾಗುವ ಸ್ಥಳವನ್ನು ರ‍್ಯಾಗ್ ಹೇಗೆ ಕತ್ತರಿಸುತ್ತದೆಂಬುದನ್ನು ೨೦೦೪ರಲ್ಲಿ ತೋರಿಸಿದವರಲ್ಲಿ ಮೊದಲಿಗರಾದ ಸತೀಸ್ ಸಿ. ರಾಘವನ್ ಅವರು ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗಕ್ಕೆ ಬಂದು ಇದೇ ಸಂಶೋಧನೆಯನ್ನು ಮುಂದುವರಿಸಿದರು.

ಗಂಟು ತುಂಬಿದ್ದು ಕತ್ತರಿಯೇ ಇಲ್ಲದಿದ್ದರೆ?

ಕೂಸು ಹುಟ್ಟುವಾಗ ದುಂಡಗೇ ಇರುತ್ತದೆ. ತಾಯಿಯಿಂದ ಬಂದ ಪ್ರತಿವಿಷಗಳು ಕೆಲವು ವಾರ ಕಾಯುತ್ತವೆ. ಎರಡನೆಯ ತಿಂಗಳೋ ಮೂರನೆಯ ತಿಂಗಳೋ ಬಾಯಿಯಲ್ಲಿ ಬಿಳಿಯ ಹುಣ್ಣು ಕಾಣಿಸಿಕೊಂಡು ವಾಸಿಯಾಗದು, ಭೇದಿ ನಿಲ್ಲದು, ನೆಗಡಿಯೆಂದು ತೊಡಗಿದುದು ನ್ಯುಮೋನಿಯಾ ಆಗುತ್ತದೆ, ತೂಕ ಏರದು. ಔಷಧದಿಂದ ಒಂದು ಕಾಯಿಲೆ ತಗ್ಗಿದರೆ ಇನ್ನೊಂದು ಬಂದಿರುತ್ತದೆ. ಮೂಳೆಯ ಮಜ್ಜೆಯನ್ನು ಬದಲಾಯಿಸದಿದ್ದರೆ ಇಂಥ ಕೂಸು ಒಂದೆರಡು ವರ್ಷಗಳಿಗಿಂತ ಹೆಚ್ಚು ಬದುಕುವುದು ಅಪರೂಪ. ವೈದ್ಯರು ಇದನ್ನು ತೀವ್ರ ಸಂಯುಕ್ತ ನಿರೋಧಶಕ್ತಿಯ ಕೊರತೆಯೆನ್ನುತ್ತಾರೆ. ಇದಕ್ಕೆ ಕಾರಣಗಳು ಅನೇಕ. ಅವುಗಳಲ್ಲಿ ರ‍್ಯಾಗ್ ಕತ್ತರಿಯ ದೋಷವೂ ಒಂದೆಂಬುದು ೧೯೯೬ರಲ್ಲಿ ತಿಳಿಯಬಂದಿತು. ಕತ್ತರಿ ಪೂರ್ತಿ ಇಲ್ಲದೆ ಹೋಗದೆ, ಮೊಂಡಾಗಿರುವುದೂ ಉಂಟು. ಆಗ ಕೂಸು ಕೆಲವೇ ಬಗೆಯ ಟಿ ಕೋಶಗಳನ್ನು ಹೊಲಿಯುತ್ತದೆ. ಆ ಕೆಲವೇ ಬಗೆಗಳು ಹೆಚ್ಚಿ ತುಂಬಿಕೊಂಡು ಸ್ವಂತ ಮೈಯ ಮೇಲೆಯೇ ಬೀಳುತ್ತವೆ. ಚರ್ಮವೆಲ್ಲ ಕೆಂಪೇರಿ ಸುಲಿಯುತ್ತದೆ, ಗ್ರಂಥಿಗಳು ಬಾಯುತ್ತವೆ. ೧೯೬೫ರಲ್ಲಿ ಗಿಲ್ಬರ್ಟ್ ಓಮನ್ ವರ್ಣಿಸಿದುದರಿಂದ ಇದಕ್ಕೆ ಓಮನ್ ರೋಗವೆಂದು ಹೆಸರು. ಕೋಶಗಳ ಸಂಖ್ಯೆ ಇದ್ದರೆ ಸಾಲದು, ಬಗೆಗಳೂ ಬೇಕು ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಸಾಕ್ಷಿ ಬೇರೆ ಬೇಡ.

ಭಾರತದ ಅನೇಕ ಆಸ್ಪತ್ರೆಗಳ ವೈದ್ಯರು ಕೂಡಿ ಇಂಥ ಮಕ್ಕಳ ಲೆಕ್ಕವನ್ನು ೨೦೨೧ರಲ್ಲಿ ಪ್ರಕಟಿಸಿದರು. ೨೭೭ ಮಕ್ಕಳು, ಅವರಲ್ಲಿ ೨೩ ಮಂದಿಗೆ ಓಮನ್ ರೋಗ. ಲಕ್ಷಣಗಳು ತೊಡಗಿದ ನಡುಮಟ್ಟದ ವಯಸ್ಸು ಎರಡೂವರೆ ತಿಂಗಳು. ರೋಗವನ್ನು ಗುರುತಿಸಿದುದು ಐದು ತಿಂಗಳಿಗೆ. ೧೬೨ ಮಕ್ಕಳಲ್ಲಿ ವಂಶವಾಹಿಯ ದೋಷ ಯಾವುದೆಂದು ಪತ್ತೆಯಾಯಿತು. ೨೬ರಲ್ಲಿ ರ‍್ಯಾಗ್-೧, ೧೭ರಲ್ಲಿ ರ‍್ಯಾಗ್-೨. ಮಜ್ಜೆಯ ಚಿಕಿತ್ಸೆ ದೊರೆತುದು ೨೩ ಮಕ್ಕಳಿಗೆ ಮಾತ್ರ. ತೀರಿಹೋದವರು ೨೧೦. ಈ ಕೊನೆಯ ಅಂಕಿಯನ್ನು ಓದಿ ಮುಂದಿನ ಪುಟಕ್ಕೆ ಹೋಗುವುದು ಸುಲಭವಲ್ಲ. ಇವರು ಆಸ್ಪತ್ರೆಗೆ ತಲಪಿ ಹೆಸರು ಪಡೆದ ಮಕ್ಕಳು. ಹಳ್ಳಿಯಲ್ಲಿಯೇ ನ್ಯುಮೋನಿಯಾ ಎಂದೋ ಬಾಲಗ್ರಹವೆಂದೋ ಮಣ್ಣು ಸೇರಿದವರು ಈ ಲೆಕ್ಕದಲ್ಲಿಲ್ಲ.

ಇಲ್ಲಿ ನಮ್ಮ ಮನೆಗಳ ಒಂದು ಹಳೆಯ ಪದ್ಧತಿಯ ಮಾತು ಬಂದೇ ಬರುತ್ತದೆ. ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ತಂದೆಯದೊಂದು, ತಾಯಿಯದೊಂದು. ರ‍್ಯಾಗ್ ಕತ್ತರಿಯ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದರಿಂದ ಕೆಲಸ ಸಾಗುತ್ತದೆ. ಅಂಥವನು ಆರೋಗ್ಯವಂತನೇ, ತನ್ನಲ್ಲಿ ದೋಷವಿದೆಯೆಂಬುದು ಅವನಿಗೆ ಸಾಯುವ ತನಕ ತಿಳಿಯುವುದಿಲ್ಲ. ಅವನನ್ನು ವಾಹಕನೆನ್ನುವರು. ಇಬ್ಬರು ವಾಹಕರು ದಂಪತಿಗಳಾದಾಗ ಮಾತ್ರ ಪ್ರತಿ ಬಸಿರಿನಲ್ಲಿಯೂ ನಾಲ್ಕಕ್ಕೆ ಒಂದರಂತೆ ಕತ್ತರಿಯಿಲ್ಲದ ಕೂಸು ಹುಟ್ಟುವ ಸಂಭವ. ದೂರದ ಎರಡು ಮನೆಗಳಲ್ಲಿ ಒಂದೇ ದೋಷ ಕೂಡುವುದು ಬಲು ಅಪರೂಪ. ಆದರೆ ಸೋದರಮಾವನೊಬ್ಬ ವಾಹಕನೆಂದು ಭಾವಿಸೋಣ. ಅವನ ಅಕ್ಕನೂ ವಾಹಕಳಾಗಿರುವ ಸಂಭವ ಎರಡಕ್ಕೆ ಒಂದು. ಅಕ್ಕನ ಮಗಳಿಗೆ ನಾಲ್ಕಕ್ಕೆ ಒಂದು. ಆ ಹುಡುಗಿಯನ್ನೇ ಅವನು ಕೈಹಿಡಿದರೆ ಕೂಸಿನ ಅಪಾಯ ಹದಿನಾರಕ್ಕೆ ಒಂದು. ಸೋದರತ್ತೆಯ ಮಗಳಾದರೆ ಮೂವತ್ತೆರಡಕ್ಕೆ ಒಂದು.

ಭಾರತೀಯ ವಿಜ್ಞಾನ ಸಂಸ್ಥೆಯ ಅದೇ ಜೀವರಸಾಯನ ವಿಭಾಗದ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ೧೯೮೦ರ ದಶಕದಲ್ಲಿ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಹುಟ್ಟು ರೋಗಗಳಿಗಾಗಿ ಪರೀಕ್ಷಿಸಿದರು. ಜೊತೆಗೆ ತಂದೆತಾಯಿಗಳ ಸಂಬಂಧವನ್ನೂ ಕೇಳಿ ಬರೆದುಕೊಂಡರು. ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿಯೂ ಹಿಂದೂ ದಂಪತಿಗಳಲ್ಲಿ ಸುಮಾರು ಮೂರರಲ್ಲೊಂದು ಜೋಡಿ ಕಳ್ಳುಬಳ್ಳಿಯೊಳಗಿನದು! ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ರಾಜ್ಯದ ವಿವಾಹಗಳಲ್ಲಿ ಕಾಲು ಪಾಲಿಗಿಂತ ತುಸು ಹೆಚ್ಚು ರಕ್ತಸಂಬಂಧದವೇ. ಇದು ಹಳ್ಳಿಗರ ಅಜ್ಞಾನವೆಂದು ಪಟ್ಟಣದ ಮನೆಗಳು ಮೂಗು ಮುರಿಯುವಂತಿಲ್ಲವೆಂದಾಯಿತು. ಈ ಪದ್ಧತಿಯನ್ನು ಹಳಿಯುವವರು ಅದರ ಕಾರಣಗಳನ್ನೂ ನೋಡಬೇಕು. ಮಗಳು ಕಣ್ಣೆದುರಿಗಿರಲೆಂಬ ಆಸೆ, ವರದಕ್ಷಿಣೆಯ ಹೊರೆಯಿಲ್ಲವೆಂಬ ನೆಮ್ಮದಿ, ಹೊಲ ಒಡೆಯಬಾರದೆಂಬ ಎಣಿಕೆ, ಇವು ಸುಳ್ಳಲ್ಲ. ಇಂಥ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ ಆಗಿರುವುದೂ ನಿಜ. ಮೇಲಿನ ೧೬೨ರಲ್ಲಿ ಅತಿ ಹೆಚ್ಚಿನ ಗುಂಪು, ೩೬ ಮಕ್ಕಳದು, ತಾಯಿಯ ಎಕ್ಸ್ ವರ್ಣತಂತುವಿನಲ್ಲಿ ಬರುವ ಬೇರೊಂದು ದೋಷ. ಅದಕ್ಕೂ ಸೋದರಿಕೆಗೂ ಸಂಬಂಧವಿಲ್ಲ. ಆದರೆ ಒಂದು ಕೂಸು ಹೀಗೆ ತೀರಿಹೋದ ಮನೆಯಲ್ಲಿ ಮತ್ತೆ ಅದೇ ಬಳ್ಳಿಯಲ್ಲಿ ಹೆಣ್ಣು ತರುವಾಗ ಈ ಹದಿನಾರಕ್ಕೆ ಒಂದರ ಲೆಕ್ಕವನ್ನು ಜಾತಕದ ಜೊತೆಗೆ ಇಟ್ಟು ನೋಡದಿರುವುದು ವಿವೇಕವಲ್ಲ.

ಇದಕ್ಕಿಂತ ಅವಸರದ ಸಂಗತಿ ಲಸಿಕೆಯದು. ನಮ್ಮ ದೇಶದಲ್ಲಿ ಕೂಸು ಹುಟ್ಟಿದೊಡನೆ ಎಡತೋಳಿಗೆ ಬಿ.ಸಿ.ಜಿ. ಸೂಜಿ, ಬಾಯಿಗೆ ಪೋಲಿಯೋ ಹನಿ. ಕ್ಷಯವು ಮಿದುಳಿಗೆ ಏರಿ ಎಳೆಯ ಮಕ್ಕಳನ್ನು ಕೊಲ್ಲದಂತೆ ಬಿ.ಸಿ.ಜಿ. ತಡೆಯುವುದರಿಂದ ಎಲ್ಲ ಕೂಸುಗಳಿಗೂ ಅದು ಬೇಕೇ ಬೇಕು. ಈ ಲೇಖನ ಓದಿ ಯಾರೂ ಅದನ್ನು ಬಿಡಿಸತಕ್ಕದ್ದಲ್ಲ. ಆದರೆ ಅದು ಸೌಮ್ಯಗೊಳಿಸಿದ ಜೀವಂತ ರೋಗಾಣು. ಟಿ ಕೋಶಗಳಿಲ್ಲದ ಕೂಸಿನಲ್ಲಿ ಆ ಸೌಮ್ಯ ರೋಗಾಣುವನ್ನೂ ಹಿಡಿದಿಡುವವರಿಲ್ಲ. ಕಂಕುಳಲ್ಲಿ ಗಂಟು ಬಾತು, ಸೂಜಿಯ ಗಾಯ ಮಾಯದೆ, ರೋಗವು ಮೈಯೆಲ್ಲ ಹರಡಬಲ್ಲದು. ಕಾಯಬೇಕಾದ ಕೈಯೇ ಕೊಲ್ಲುವಂತಾಗುವ ಈ ಸಂಕಟವನ್ನು ತಪ್ಪಿಸಬೇಕಾದರೆ ಯಾವ ಕೂಸಿನಲ್ಲಿ ಕತ್ತರಿಯಿಲ್ಲವೆಂಬುದು ಮೊದಲೇ ತಿಳಿಯಬೇಕು.

ಅದು ತಿಳಿಯುತ್ತದೆ, ಮತ್ತು ತಿಳಿಯುವುದು ಕತ್ತರಿಸಿ ಎಸೆದ ಚಿಂದಿಯಿಂದ! ಎರಡು ತುಂಡುಗಳನ್ನು ಕೂಡಿಸುವಾಗ ನಡುವೆ ಉಳಿದ ಡಿ.ಎನ್.ಎ. ಬೇರ್ಪಟ್ಟು, ಅದರ ಎರಡು ತುದಿಗಳು ಬೆಸೆದು, ಸಣ್ಣದೊಂದು ಉಂಗುರವಾಗಿ ಕೋಶದೊಳಗೆ ಉಳಿಯುತ್ತದೆ. ಕೋಶವು ಒಡೆದು ಎರಡಾದಾಗ ಈ ಉಂಗುರ ಎರಡಾಗದು, ಒಂದರಲ್ಲಿಯೇ ಉಳಿಯುತ್ತದೆ. ಆದ್ದರಿಂದ ರಕ್ತದಲ್ಲಿ ಉಂಗುರಗಳು ಹೇರಳವಾಗಿದ್ದರೆ ಥೈಮಸ್ಸಿನಿಂದ ಹೊಸ ಟಿ ಕೋಶಗಳು ಬರುತ್ತಿವೆಯೆಂದು ಅರ್ಥ. ದರ್ಜಿ ಕೆಲಸ ಮಾಡುತ್ತಿರುವನೋ ಇಲ್ಲವೋ ಎಂಬುದನ್ನು ಅಂಗಡಿಯ ಮುಂದಿನ ಚಿಂದಿ ನೋಡಿ ಹೇಳಿದಂತೆ. ಕೂಸಿನ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿದ ಒಂದೆರಡು ಹನಿ ರಕ್ತ ಇದಕ್ಕೆ ಸಾಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯವು ೨೦೦೮ರಲ್ಲಿ ಎಲ್ಲ ಶಿಶುಗಳಿಗೂ ಈ ಪರೀಕ್ಷೆಯನ್ನು ಮೊದಲುಮಾಡಿತು. ೨೦೧೮ರ ಕೊನೆಗೆ ಅಲ್ಲಿನ ಎಲ್ಲ ರಾಜ್ಯಗಳೂ ಸೇರಿದುವು. ೨೦೧೪ರಲ್ಲಿ ಪ್ರಕಟವಾದ ಲೆಕ್ಕದಂತೆ ೩೦ ಲಕ್ಷ ಶಿಶುಗಳಲ್ಲಿ ೫೨ ಮಂದಿಗೆ ಈ ಕೊರತೆ ಸಿಕ್ಕಿತು. ಅವರಲ್ಲಿ ಬದುಕಿದವರು ೪೫. ನಮ್ಮ ೨೭೭ರಲ್ಲಿ ೨೧೦ನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡು ದೇಶಗಳ ಹಣ, ಆಸ್ಪತ್ರೆ ಬೇರೆ ಬೇರೆಯೆಂಬುದು ದಿಟ. ಆದರೂ ಮೂರೂವರೆ ತಿಂಗಳು ತುಂಬುವ ಮೊದಲು, ಸೋಂಕು ತಗಲುವ ಮೊದಲು, ಮಜ್ಜೆ ಪಡೆದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬದುಕುತ್ತಾರೆಂಬುದರಲ್ಲಿ ಹೊತ್ತಿನ ಬೆಲೆ ಎಷ್ಟೆಂಬುದು ಸ್ಪಷ್ಟವಾಗಿದೆ.

ಭಾರತದಲ್ಲಿ ಈ ಪರೀಕ್ಷೆ ಎಲ್ಲ ಶಿಶುಗಳಿಗೂ ನಡೆಯುವ ಏರ್ಪಾಡಾಗಿಲ್ಲ. ನಲವತ್ತು ವರ್ಷಗಳ ಹಿಂದೆಯೇ ಒಂದು ಲಕ್ಷ ಶಿಶುಗಳ ರಕ್ತವನ್ನು ಪರೀಕ್ಷಿಸಿದ ರಾಜ್ಯಕ್ಕೆ ಇದು ಆಗದ ಕೆಲಸವೆಂದು ಹೇಳುವುದು ಕಷ್ಟ. ಅಲ್ಲಿಯವರೆಗೆ ಬಾಗಲವಾಡದಂಥ ಊರಿನ ತಾಯಿಯು ಬೆಂಗಳೂರಿನ ತನಕ ನಾನೂರು ಕಿಲೋಮೀಟರು ಹೋಗಬೇಕಾಗಿಲ್ಲದ ಒಂದು ದಾರಿಯುಂಟು. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಬಿಳಿಯ ಕಣಗಳನ್ನು ಜಾತಿವಾರು ಎಣಿಸುತ್ತಾರಷ್ಟೆ. ಇದು ರಾಯಚೂರಿನಲ್ಲಿ ನಿತ್ಯ ನಡೆಯುವ ಅಗ್ಗದ ಕೆಲಸ. ಎಳೆಯ ಕೂಸಿನಲ್ಲಿ ಲಿಂಫೋಸೈಟುಗಳು ವಯಸ್ಕರಿಗಿಂತ ಹೆಚ್ಚಿರಬೇಕು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ೩,೦೦೦ಕ್ಕಿಂತ ಕಡಿಮೆಯಿದ್ದರೆ ವೈದ್ಯರು ಸಂಶಯಪಡತಕ್ಕದ್ದು. ದೊಡ್ಡವರ ಮಟ್ಟಿಗೆ ಅದು ಸರಿಯಾದ ಅಂಕಿಯಾದ್ದರಿಂದ ವರದಿಯಲ್ಲಿ ಕೆಂಪು ಗೆರೆಯಿಲ್ಲದೆ ದಾಟಿಹೋಗುವುದೇ ಹೆಚ್ಚು. ಎದೆಯ ಎಕ್ಸ್-ರೇ ಚಿತ್ರದಲ್ಲಿ ಥೈಮಸ್ಸಿನ ನೆರಳು ಕಾಣದಿರುವುದು ಇನ್ನೊಂದು ಸುಳಿವು. ಓಮನ್ ರೋಗದಲ್ಲಿ ಮಾತ್ರ ಎಣಿಕೆ ಸರಿಯಾಗಿದ್ದಂತೆ ಕಂಡು ಮೋಸಮಾಡಬಹುದು; ಅಲ್ಲಿ ಚರ್ಮದ ಕೆಂಪೇ ಸೂಚನೆ.

ಮಜ್ಜೆಯ ಚಿಕಿತ್ಸೆ ಹೊಸದಲ್ಲ. ೧೯೬೮ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ರಾಬರ್ಟ್ ಗುಡ್ ಇಂಥದೇ ಒಂದು ಗಂಡುಕೂಸಿಗೆ ಅಕ್ಕನ ಮಜ್ಜೆಯನ್ನು ಕೊಟ್ಟು ಬದುಕಿಸಿದರು. ಮಜ್ಜೆಯ ತಟ್ಟೆಗಳು ಒಂದಕ್ಕೊಂದು ಹೊಂದಬೇಕು, ಅದೇ ತೊಡಕು. ಇದರಲ್ಲಿ ವಿಧಿಯ ಒಂದು ವಿನೋದವೂ ಸೇರಿದೆ: ರಕ್ತಸಂಬಂಧದ ವಿವಾಹಗಳಿರುವ ಮನೆಯಲ್ಲಿ ಹೊಂದುವ ಮಜ್ಜೆ ಸಿಗುವುದು ಹೊರಗಿನವರಿಗಿಂತ ಸುಲಭ, ಕೆಲವೊಮ್ಮೆ ತಂದೆಯದೋ ತಾಯಿಯದೋ ಪೂರ್ತಿ ಹೊಂದಿಬಿಡುತ್ತದೆ. ಕತ್ತರಿಯನ್ನು ಕಳೆದ ಬಳ್ಳಿಯೇ ಅದನ್ನು ಹಿಂದಿರುಗಿಸುವುದೂ ಉಂಟು. ಹೊಸ ಮಜ್ಜೆಯಿಂದ ಹುಟ್ಟಿದ ಕೋಶಗಳು ಕೂಸಿನ ಥೈಮಸ್ಸನ್ನು ಸೇರಿ ಹೊಲಿಗೆ ಕಲಿಯುವುದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ. ಅದುವರೆಗೆ ಮನೆಮಂದಿಯ ಮುತ್ತು, ಮುದ್ದು ಎಲ್ಲಕ್ಕೂ ತಡೆ.

ಹಿಂದೆ ಒಂದು ಕೂಸು ಮೊದಲ ವರ್ಷದಲ್ಲಿಯೇ ಸೋಂಕಿನಿಂದ ತೀರಿಕೊಂಡಿದ್ದರೆ, ತಾಯಿಯ ತವರಿನಲ್ಲಿ ಗಂಡುಮಕ್ಕಳು ಹಾಗೆಯೇ ಉಳಿಯದೆ ಹೋಗಿದ್ದರೆ, ಅದನ್ನು ಮತ್ತೊಂದು ಬಸಿರಿನ ವೇಳೆ ಮುಚ್ಚಿಡುವುದು ನಮ್ಮ ಮನೆಗಳ ರೂಢಿ. ಅಪಶಕುನದ ಮಾತು ಬೇಡವೆಂದು ಅತ್ತೆಯೂ ಹೇಳಳು, ಸೊಸೆಯೂ ಹೇಳಳು. ಆದರೆ ಹೆರಿಗೆಗೆ ಹೆಸರು ಬರೆಸುವ ದಿನವೇ ಅದನ್ನು ವೈದ್ಯರಿಗೂ ದಾದಿಗೂ ತಿಳಿಸಿದರೆ, ಕೂಸು ಹುಟ್ಟಿದೊಡನೆ ರಕ್ತ ತೆಗೆದು ಲಿಂಫೋಸೈಟುಗಳನ್ನು ಎಣಿಸಬಹುದು. ಸಂಶಯ ನೀಗುವ ತನಕ ಆ ಒಂದು ಕೂಸಿನ ಮಟ್ಟಿಗೆ ಬಿ.ಸಿ.ಜಿ. ಸೂಜಿಯನ್ನೂ ಪೋಲಿಯೋ ಹನಿಯನ್ನೂ ಕೆಲವು ದಿನ ತಡೆದಿರಿಸಬಹುದು.